ಒಂಬತ್ತೂವರೆ ಬೆರಳು

ಎಸ್ಟೋನಿಯಾದ ವಿಲ್ಯಾಂಡಿಯಲ್ಲಿ, ಸರೋವರಕ್ಕಿಳಿಯುವ ಬೀದಿಯ ತಿರುವಿನಲ್ಲಿ
ನನ್ನ ಅಂಗಡಿ. ಮಾರ್ಚಿ ತಿಂಗಳು. ನೀರ ಮೇಲಿನ ಗಡ್ಡೆ
ಒಡೆಯಲೋ ಬೇಡವೋ ಎಂದು ಗೊಣಗುತ್ತಿತ್ತು.
ಬಂದಳು ಉರ್ವೆ, ಪಿಯಾನೋಗಳಿಗೆ ಶ್ರುತಿ ಕೂರಿಸುವವಳು.
ಕೈಗವಸು ಕಳಚಿ, ಜೇಬಿನಿಂದ ಚೀಟಿ ತೆಗೆದು,
ಓದದೆಯೇ ಮತ್ತೆ ಮಡಚಿಟ್ಟು,
"ಗರಗಸ ಬೇಕು, ಕರೆಂಟಿನದು. ಯಾವುದು ಸರಿ?" ಅಂದಳು.

"ಏನು ಕೊಯ್ಯುತ್ತೀರಿ?"
ಈ ಪ್ರಶ್ನೆಗೆ ಜನ ಸುಳ್ಳು ಹೇಳುತ್ತಾರೆ.
ದೋಣಿ ಎನ್ನುತ್ತಾರೆ, ಇಡೀ ಅಡುಗೆಮನೆ ಎನ್ನುತ್ತಾರೆ,
ಕೊನೆಗೆ ಕೊಯ್ಯುವುದು ಹಕ್ಕಿಗೂಡಿನ ಒಂದು ಗೋಡೆ.
ಉರ್ವೆ ಅಂದಳು: "ಒಂದು ಪಿಯಾನೋ."

ಶಾಲೆಯವರು ಹೊರಗೆ ತಳ್ಳಿದ್ದಂತೆ.
ಬಿರಡೆಗಳು ಸಡಿಲ, ತಂತಿ ನಿಲ್ಲದು,
ಪುಕ್ಕಟೆ ಎಂದರೂ ಒಯ್ಯುವವರಿಲ್ಲ.
"ಬಾಗಿಲ ಬಳಿಗೊಂದು ಬೆಂಚು ಸಾಕು,
ಇಬ್ಬರು ಕೂತು ಬೂಟು ಬಿಚ್ಚುವಷ್ಟು."

ನನ್ನ ಪಾಠ ಶುರುವಾಯಿತು:
ಮೇಜಿನ ಗರಗಸ ಉದ್ದಕ್ಕೆ ಸೀಳಲು ರಾಜ,
ಆದರೆ ಒಂದು ಕೋಣೆಯನ್ನೇ ಕೇಳುತ್ತದೆ, ನಿಮ್ಮದು ಮೂರನೇ ಮಹಡಿ.
ಚಕ್ರದ್ದು ನೇರ ಗೆರೆಗೆ, ಪಟ್ಟಿ ಬಿಗಿದು ಹಿಡಿದರೆ.
ಜಿಗ್‌ಸಾ ನಿಧಾನಿ, ತಿರುವಿಗೆ ಒಗ್ಗುತ್ತದೆ,
ದಪ್ಪ ಹಲಗೆಯಲ್ಲಿ ಮಾತ್ರ ಅಲಗು ಓರೆಯಾದೀತು.
ಹಲ್ಲು ಹೆಚ್ಚಿದ್ದರೆ ಅಂಚು ನಯ...

"ಒಂದೊಂದಾಗಿ ಹಾಕಿ," ಅಂದಳು.
ಕಣ್ಣು ಮುಚ್ಚಿ ನಿಂತಳು.

ಮೊದಲನೆಯದು: "ಬರೀ ಕಿರುಚುತ್ತದೆ."
ಎರಡನೆಯದು: "ಬೇರಿಂಗು ಅಲ್ಲಾಡುತ್ತಿದೆ."
ನಾನೂ ಕಿವಿಗೊಟ್ಟೆ. ಹೌದು, ಅಲ್ಲಾಡುತ್ತಿತ್ತು.
ಏನೂ ಹೇಳದೆ ಅದನ್ನು ಕೌಂಟರಿನ ಕೆಳಗಿಟ್ಟೆ.
ಮೂರನೆಯದು, ಸಣ್ಣ ಜಿಗ್‌ಸಾ.
ಪೈನ್ ತುಂಡೊಂದು ಕೊಟ್ಟೆ. ತಳ್ಳಿದಳು,
ದನಿ ಅರೆಸ್ವರ ಇಳಿಯಿತು. ಕೈ ಸಡಿಲಿಸಿದಳು,
ಮತ್ತೆ ಏರಿತು.
"ಭಾರವಾದರೆ ಹೇಳುತ್ತದಲ್ಲ, ಇದೇ ಇರಲಿ."

ಹಣ ಎಣಿಸುವಾಗ ನನ್ನ ಎಡಗೈ ನೋಡಿದಳು.
"ಯಾವ ಗರಗಸ?"
"ಎಲ್ಲಕ್ಕಿಂತ ಒಳ್ಳೆಯದು. ಜರ್ಮನಿಯದು.
ರೇಡಿಯೋದಲ್ಲಿ ಸ್ಕೀ ಪಂದ್ಯ ಬರುತ್ತಿತ್ತು,
ದನಿ ದೊಡ್ಡದು ಮಾಡಿಕೊಂಡಿದ್ದೆ."

ಕಿವಿಮುಚ್ಚಿಗೆ ಬೇಡವೆನ್ನುತ್ತಾಳೆ ಅಂದುಕೊಂಡೆ.
ಎರಡು ಜೊತೆ ಕೊಂಡಳು.
"ಕಿವಿ ನನ್ನ ಅನ್ನ," ಅಂದಳು,
"ಹಲಗೆಯ ದನಿ ಅಂಗೈಗೂ ಕೇಳುತ್ತದೆ."

ಮೇ ತಿಂಗಳಲ್ಲಿ ಮರಳುಕಾಗದಕ್ಕೆ ಬಂದಳು.
ನಮಸ್ಕಾರಕ್ಕೂ ಮೊದಲು ಎಣಿಸಿಬಿಟ್ಟೆ: ಹತ್ತು.
ಬೆಂಚಿಗೆ ಒಂದು ಕಾಲು ಗಿಡ್ಡವಂತೆ,
ಅಲಗು ಓರೆಯಾಯಿತಂತೆ, ಹೇಳಿದ್ದೆನಲ್ಲ!
ಯಾರು ಕೂತರೂ ಟಕ್ ಅನ್ನುತ್ತದಂತೆ.
ಕಾಲಡಿಗೆ ಇಡಲು ಒಂದು ಚಕ್ಕೆ ಕೊಡಹೋದೆ.
"ಬೇಡ," ಅಂದಳು,
"ಆ ಪಿಯಾನೋದಲ್ಲಿ ಆ ಸ್ವರ ಒಂದೇ
ಎಂದೂ ಕೆಟ್ಟಿರಲಿಲ್ಲ."