ನಮ್ಮ ಸಾಲು ಕೊನೆಗೆ

ಏಪ್ರಿಲ್ ಬಂತೆಂದರೆ ನಮ್ಮನೆಗೆ ಬರುವವರೆಲ್ಲ
ಎರಡೇ ಪ್ರಶ್ನೆ ಹೊತ್ತು ಬರುತ್ತಾರೆ:
ಬ್ಲೌಸು ಆಯ್ತಾ?
ಕರೆಂಟು ಯಾವಾಗ ಬರುತ್ತೆ?
ಮೊದಲನೆಯದು ನನಗೆ, ಎರಡನೆಯದು ಲೈನ್‌ಮನ್ ಗಂಡನಿಗೆ.
ಅವನು ಮನೆಯಲ್ಲಿ ಇರುವುದೇ ಇಲ್ಲವಾಗಿ ಎರಡೂ ನನಗೇ.

ಕ್ಯಾಲೆಂಡರಿನಲ್ಲಿ ಲಗ್ನಗಳಿಗೆ ಕೆಂಪು ಸುತ್ತು,
ನೀರು ಬಿಡುವ ದಿನಕ್ಕೆ ನೀಲಿ,
ಗ್ಯಾಸು ಹಚ್ಚಿದ ತಾರೀಕಿಗೊಂದು ಚುಕ್ಕೆ.
ಈ ತಿಂಗಳ ಪುಟಕ್ಕೆ ಪೂರ್ತಿ ಅಮ್ಮ ಎದ್ದಂತಿದೆ.
ಮಂಚದ ಮೇಲೆ ಇಪ್ಪತ್ತೆರಡು ರವಿಕೆ ಕಣ,
ಒಂದೊಂದಕ್ಕೂ ಒಂದೊಂದು ಚೀಟಿ.
"ಬೆನ್ನು ಆಳ ಇರಲಿ ಆಂಟಿ, ಅಮ್ಮನಿಗೆ ಹೇಳಬೇಡಿ."
ಅದೇ ಅಮ್ಮ ಫೋನು ಮಾಡಿ: "ಬೆನ್ನು ಮುಚ್ಚಿರಲಿ, ಅವಳಿಗೆ ಹೇಳಬೇಡ."
ಮಧ್ಯೆ ನಾನು, ಕತ್ತರಿ ಹಿಡಿದು.

ಶಾಲೆಗೆ ರಜ.
ಮಗ ನನ್ನ ಟೇಪು ಎಳೆದು ಹಜಾರದಲ್ಲಿ ಪಿಚ್ಚು ಅಳೆಯುತ್ತಾನೆ.
ಮಗಳು ಗುಂಡಿ ಡಬ್ಬಿ ಸುರಿದು, ಬಣ್ಣ ಬೇರೆ ಮಾಡಿ,
ಮತ್ತೆ ಕಲಸಿ, ಬೇಜಾರು ಅನ್ನುತ್ತಾಳೆ.
ತಾರಸಿಯಿಂದ ಅತ್ತೆ:
"ಕಾಗೆ ಬಂದೋ, ಯಾರಾರ ಒಂದ್ ಐಕ್ಳು ಬರ್ರೋ!"
ಹಳೇ ಸೀರೆಯ ಮೇಲೆ ಸಂಡಿಗೆ.
ಇಬ್ಬರೂ ಓಡುತ್ತಾರೆ.
ಇಳಿದಾಗ ಇಬ್ಬರ ಬಾಯಲ್ಲೂ ಜೀರಿಗೆ ವಾಸನೆ.
ಕಾಗೆ ಪಾಲಿಗೆ ಏನಾದರೂ ಉಳಿಯಿತೋ ಇಲ್ಲವೋ.

ಮೊನ್ನೆ ನಾನು ಕಿರುಚಿದೆ.
ಯಾರ ಮೇಲೆ ಅಂತ ನೆನಪಿಲ್ಲ.
ಕುಕ್ಕರು ಐದನೇ ಸಲ ಕೂಗಿತ್ತು, ಸೂಜಿ ಮುರಿದಿತ್ತು,
ಮೂರು ದಿನಕ್ಕೊಮ್ಮೆ ಬರುವ ನೀರು
ಸಂಪು ತುಂಬಿ ಬೀದಿಗೆ ಹರಿಯುತ್ತಿತ್ತು.
ಸ್ವಲ್ಪ ಹೊತ್ತಿಗೆ ಮಗಳು ಮೆಲ್ಲಗೆ ಬಂದು
ಬಾಬಿನ್ನಿಗೆ ದಾರ ಸುತ್ತಿ ಇಟ್ಟಳು.
ತಪ್ಪು ಬಣ್ಣ.
ಅದರಲ್ಲೇ ಒಳಹೊಲಿಗೆ ಹಾಕಿದೆ,
ಯಾರು ತಿರುಗಿಸಿ ನೋಡುತ್ತಾರೆ.

ಶುಕ್ರವಾರ ಸಂಜೆ ಗಾಳಿ ಎದ್ದಿತು.
ಮಳೆ ನಾಲ್ಕೇ ಹನಿ, ಗಾಳಿಗೆ ಮಾತ್ರ ಮೈಮೇಲೆ ದೇವರು.
ಸಂಡಿಗೆಯ ಸೀರೆ ಹಾರಿ ಪಕ್ಕದ ಮನೆಯ ಡಿಶ್ಶಿಗೆ ಸುತ್ತಿಕೊಂಡಿತು.
ಗುತ್ತಲು ರಸ್ತೆ ಕಡೆ ಮರ ಮುರಿದ ಸದ್ದು,
ಮಿಷನ್ನು ಅರ್ಧ ತೋಳಿನಲ್ಲಿ ನಿಂತಿತು.
ಆಗಷ್ಟೇ ಉಣ್ಣಲು ಕೂತಿದ್ದ ಗಂಡ
ಮುದ್ದೆ ಮುರಿದ ಕೈ ತೊಳೆದು ಎದ್ದ.
"ಮುಚ್ಚಿಡು" ಅಂದ, ಅಷ್ಟೇ.

ಹತ್ತು ನಿಮಿಷಕ್ಕೆ ಬಾಗಿಲಲ್ಲಿ ಬೀದಿಯೇ ನೆರೆದಿತ್ತು.
"ಲೈನ್‌ಮನ್ ಮನೇಲೇ ಕತ್ತಲಲ್ಲಪ್ಪ" ಅಂತ ಯಾರೋ ನಕ್ಕರು.
ಬೆಳಗಾದರೆ ಮಗಳ ಚಪ್ಪರ ಇದ್ದ ಸಾವಂತ್ರಮ್ಮ ನಗಲಿಲ್ಲ,
ನನ್ನ ಮುಖವನ್ನೇ ನೋಡಿದಳು.

ಹಿಂದಿನ ಕೋಣೆಯಲ್ಲಿ ಅತ್ತೆಯ ತುಳಿಯುವ ಮಿಷನ್ನು,
ಮೇಲೊಂದು ಅಕ್ಕಿ ಮೂಟೆ. ಬೆಲ್ಟು ಹರಿದು ವರ್ಷವಾಗಿತ್ತು.
ಅತ್ತೆ ಮೂಟೆ ಇಳಿಸಿ
ಚರ್ಮದ ತುದಿಗಳಿಗೆ ಪಿನ್ನು ಕಚ್ಚಿಸಿದರು.
ಮಗಳು ಮೊಬೈಲಿನ ಬೆಳಕು ಹಿಡಿದಳು,
ಮಗ ರಟ್ಟಿನಲ್ಲಿ ಗಾಳಿ ಬೀಸಿದ, ಬೀಸುತ್ತಲೇ ನಿದ್ದೆ ಹೋದ.
ನನ್ನ ಕಾಲು ಸೋತಾಗ ಅತ್ತೆ ಕೂತರು.
"ನಿನ್ ಗಂಡುನ್ ಐಟಿಐ ಫೀಜು ಇದ್ರಲ್ಲೇ ತುಳ್ದಿದ್ದು ಕಣೆ."
ಹದಿನಾಲ್ಕು ವರ್ಷ ಸೊಸೆಯಾಗಿದ್ದೇನೆ,
ಇವತ್ತು ಹೇಳಿದರು.

ಆಗಾಗ ಕಿಟಕಿಯಲ್ಲಿ ಇಣುಕಿದೆವು.
ಮೊದಲು ಆಸ್ಪತ್ರೆ ಕಡೆ ಬೆಳಗಿತು,
ಆಮೇಲೆ ನೂರಡಿ ರಸ್ತೆ, ಆಮೇಲೆ ಹಿಂದಿನ ಬೀದಿ.
ಹೋ ಅನ್ನುವ ಹುಡುಗರ ಕೂಗು
ಸಾಲಿನಿಂದ ಸಾಲಿಗೆ ಹತ್ತಿರ ಬಂತು.
ನಮ್ಮ ಸಾಲು ಕೊನೆಗೆ.
ಯಾವಾಗಲೂ ಕೊನೆಗೆ.
ತನ್ನ ಮನೆಗೆ ಮೊದಲು ಕೊಟ್ಟುಕೊಂಡ ಅನ್ನಬಾರದು ನೋಡಿ.
ಮದುವೆಯಾದ ಹೊಸದರಲ್ಲಿ ಇದಕ್ಕೇ ಜಗಳವಾಡಿ
ತವರಿಗೆ ಹೊರಟು, ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದಿದ್ದೆ.

ಒಂದೂವರೆಗೆ ಬಂದ.
ಆರಿ ಕಲ್ಲಾದ ಮುದ್ದೆಯನ್ನು ಸಾರಲ್ಲಿ ಅದ್ದಿ ನುಂಗಿ
ಗೋಡೆಗೊರಗಿ ಕೂತಲ್ಲೇ ಕಣ್ಣು ಮುಚ್ಚಿದ.
ಅಂಗಿಯ ಕಂಕುಳು ಹರಿದಿತ್ತು. ಸೂಜಿ ಕೈಯಲ್ಲೇ ಇತ್ತು.
"ಮೈಮೇಲಿರೋದ ಹೊಲೀಬಾರ್ದು" ಅಂದರು ಅತ್ತೆ,
"ಹೊಲದ್ರೆ ಬಾಯಿಗೊಂದು ಕಡ್ಡಿ ಕೊಡು."
ಉರಿದು ಉಳಿದ ಊದುಕಡ್ಡಿಯ ತುಂಡು ತುಟಿಗಿಟ್ಟೆ,
ನಿದ್ದೆಯಲ್ಲೇ ಕಚ್ಚಿಕೊಂಡ.
ಇಪ್ಪತ್ಮೂರನೆಯದು. ಚೀಟಿಯಿಲ್ಲದ್ದು.

ನಾಲ್ಕೂವರೆಗೆ ನೀರು ಬಿಡುತ್ತಾರೆ.
ಇನ್ನು ಮಲಗುವುದೋ ಬಿಡುವುದೋ.