ಮೂರಕ್ಕೂ ನಾಲ್ಕಕ್ಕೂ ನಡುವೆ

ನಾನು ಲಿಫ್ಟ್ ರಿಪೇರಿಯವನು, ಹೆಸರು ಸಾಂತಾನ್.
ಹುಟ್ಟಿದ್ದು ಹೊನ್ನಾವರದ ಹತ್ತಿರ, ಅನ್ನ ಮಝಗಾಂವಿನದು.
ಚೀಲದಲ್ಲಿ ಗ್ರೀಸಿನ ಡಬ್ಬಿ, ಚಿಂದಿ ಬಟ್ಟೆ, ಟೆಸ್ಟರು.

ತಿಂಗಳಿಗೊಮ್ಮೆ ಒಂದೊಂದು ಕಟ್ಟಡ.
ಸೆಕ್ರೆಟರಿ ಮೆಹೆಂದಳೆ ಸಾಹೇಬರದು ಪ್ರತಿ ಸಲವೂ ಅದೇ ರಾಗ:
"ಚೆನ್ನಾಗಿಯೇ ಓಡ್ತಿದೆಯಲ್ಲ, ಸುಮ್ಮನೆ ಯಾಕೆ ಬಿಚ್ಚುತ್ತೀ?"
ನನ್ನದೂ ಅದೇ ಉತ್ತರ:
"ಹರಿಯುವ ಮುಂಚೆ ಹಗ್ಗ ಕಾಗದ ಬರೆಯುವುದಿಲ್ಲ ಸಾಹೇಬರೇ.
ಒಂದು ಎಳೆ ಕಡಿದರೂ ಡಬ್ಬ ಮೇಲೆ ಹೋಗುತ್ತದೆ,
ಎರಡು ಕಡಿದರೂ ಹೋಗುತ್ತದೆ.
ಬೆರಳಿಟ್ಟು ಎಣಿಸುವವನೊಬ್ಬ ಬೇಕು."

ಹೀಗೆ ಉಪದೇಶ ಮಾಡುವವನು
ಹನ್ನೊಂದು ವರ್ಷ ಪಾಪನಿವೇದನೆಗೆ ಮೊಣಕಾಲೂರಿರಲಿಲ್ಲ.

ದೇವರ ಜೊತೆ ಜಗಳವೇನಲ್ಲ.
ಭಾನುವಾರ ಇಗರ್ಜಿಯ ಹಿಂದಿನ ಕಂಬಕ್ಕೆ ಒರಗಿರುತ್ತಿದ್ದೆ.
ಪ್ರಸಾದದ ಸಾಲು ಎದ್ದಾಗ ಚಪ್ಪಲಿಯ ಬಾರು ನೋಡುತ್ತಿದ್ದೆ.
ಸೆವೆರೀನಾ ವಾಪಸು ಬಂದು ಕಣ್ಣು ಮುಚ್ಚಿ ಕೂತರೆ
ನನ್ನ ಹೆಂಡತಿ ಬೇರೆ ಯಾವುದೋ ಮಹಡಿಯಲ್ಲಿದ್ದಾಳೆ ಅನಿಸುತ್ತಿತ್ತು.
ಕೊಂದಿಲ್ಲ, ಕದ್ದಿಲ್ಲ.
ಕದ್ದದ್ದು ಸ್ವಲ್ಪ.
ಓಡ್ತಿದೆಯಲ್ಲ, ಅಂದುಕೊಳ್ಳುತ್ತಿದ್ದೆ.

ಆಗಸ್ಟಿನ ಒಂದು ಸಂಜೆ ಫೋನು:
ನರ್ಸಿಂಗ್ ಹೋಮಿನ ಹಳೇ ಜಾಲರಿ ಲಿಫ್ಟು
ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತುಬಿಟ್ಟಿದೆ,
ಒಳಗೊಬ್ಬ ಮುದಿ ಪಾದ್ರಿ,
ಐದನೆಯ ಮಹಡಿಯ ರೋಗಿಗೆ ಪರಮಪ್ರಸಾದ ತಂದವರು.
ಕರೆಂಟಿಲ್ಲ. ಮೇಲಿನ ಕೋಣೆಯ ಬೀಗದ ಕೈ ತರಲು ವಾಚ್‌ಮನ್ ಹೋಗಿದ್ದ.
ಲಿಫ್ಟನ್ನು ಬಳಸಿ ಏರುವ ಮೆಟ್ಟಿಲು;
ಅವರ ಮುಖದ ಮಟ್ಟಕ್ಕೆ ಏರಿ ಕೂತೆ.
ನಡುವೆ ಕಬ್ಬಿಣದ ಜಾಲರಿ, ತುಕ್ಕಿನ ವಾಸನೆ.

"ಕಡೆಯ ಸಲ ಯಾವಾಗ?" ಕತ್ತಲೊಳಗಿಂದ, ಹಿಂದಿಯಲ್ಲಿ.
"ಹನ್ನೊಂದು ವರ್ಷ, ಫಾದರ್."
"ಅಯ್ಯೋ ಯೇಸುವೇ! ಹನ್ನೊಂದು ವರ್ಷ ಎಣ್ಣೆ ಕಾಣದ ಲಿಫ್ಟಿಗೆ
ನನ್ನನ್ನು ಹತ್ತಿಸಿದರೇ?"
"ಲಿಫ್ಟಲ್ಲ ಫಾದರ್."

ಸ್ವಲ್ಪ ಹೊತ್ತು ಏನೂ ಇಲ್ಲ. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು.
ಪಾಪಗಳ ಹೆಸರು ನಾನು ಕಲಿತದ್ದು
ಕನ್ನಡ ಶಾಲೆಯ ಸಿಸ್ಟರುಗಳಿಂದ.
ಹಿಂದಿಯಲ್ಲಿ ನನಗೆ ಬೈಗುಳವಷ್ಟೇ ಸಲೀಸು.
ತಡವರಿಸಿದೆ.
"ಕನ್ನಡದಲ್ಲೇ ಹೇಳು ಮಾರಾಯ," ಅಂದಿತು ಕತ್ತಲು,
"ಧಾರವಾಡದಲ್ಲಿ ಐದು ಮಳೆಗಾಲ ಕಳೆದಿದ್ದೇನೆ."

ಗೋಡೌನಿನ ತಾಮ್ರದ ತಂತಿ ಹೇಳಿದೆ.
ತಮ್ಮನ ಪಾಲಿನ ದುಡ್ಡು ಹೇಳಿದೆ.
ಸೆವೆರೀನಾಳ ಮೇಲೆ ಎತ್ತಿದ ಕೈಯನ್ನು
ಹೇಳದೆ ಇಳಿಯಬಹುದಿತ್ತು,
ಆದರೆ ಆ ಕೈಯೇ ಜಾಲರಿಯನ್ನು ಹಿಡಿದುಕೊಂಡಿತ್ತು.

ಆಚೆ ಒಂದು ಅಂಗೈ ಎದ್ದು ಶಿಲುಬೆ ಬರೆಯಿತು.
ಇನ್ನೊಂದು ಎದೆಯ ಪುಟ್ಟ ಡಬ್ಬಿಯ ಮೇಲೇ ಇತ್ತು.
"ತಮ್ಮನ ದುಡ್ಡು ತಮ್ಮನಿಗೆ. ಹೆಂಡತಿಯ ಹತ್ತಿರ ನೀನೇ ಮಾತಾಡು.
ಮುಂದಿನ ತಿಂಗಳು ಮತ್ತೆ ಬಾ."
"ಮುಂದಿನ ತಿಂಗಳಿಗೆ ಇಷ್ಟೊಂದು ಇರೋದಿಲ್ಲ ಫಾದರ್."
"ಇದ್ದಷ್ಟು ತಾ."

ಬೀಗದ ಕೈ ಬಂತು. ಮೇಲೆ ಹೋಗಿ ಬ್ರೇಕು ಸಡಿಲಿಸಿ
ಕೈಯಾರೆ ಚಕ್ರ ತಿರುಗಿಸಿದೆ,
ಪಾದ್ರಿಯನ್ನೂ ಅವರು ಹೊತ್ತ ದೇವರನ್ನೂ
ಇಂಚಿಂಚಾಗಿ ನಾಲ್ಕನೆಯ ಮಹಡಿಗೆ ಎಳೆದೆ.
ಫಲಕದಲ್ಲಿತ್ತು: ನಾಲ್ಕು ಜನ, ಇನ್ನೂರ ಎಪ್ಪತ್ತೆರಡು ಕಿಲೊ.
ಆ ತೆಳು ರೊಟ್ಟಿಗೆ ಎಷ್ಟು ಲೆಕ್ಕ ಹಿಡಿಯಬೇಕೋ,
ತೋಳು ಎರಡು ದಿನ ನೋಯಿತು.

ಈಗ ತಿಂಗಳ ಮೊದಲ ಶನಿವಾರ ಹೋಗುತ್ತೇನೆ.
ಹೇಳುವುದು ಹೆಚ್ಚುಕಮ್ಮಿ ಅದನ್ನೇ. ನಾಚಿಕೆಯಾಗುತ್ತದೆ.
ಗ್ರೀಸು ಕಪ್ಪಾಗುವುದೂ ಅದೇ ರಾಟೆಯ ಅದೇ ಅಂಚಿನಲ್ಲಿ,
ಹೋದ ತಿಂಗಳು ಒರೆಸಿದ್ದೆನಲ್ಲ ಎಂದು
ಬಿಟ್ಟು ಬರುತ್ತೇನೆಯೇ?

ಭಾನುವಾರದ ಸಾಲಿನಲ್ಲಿ ಸೆವೆರೀನಾಳ ಹಿಂದೆ ನಾನು.
ಅವಳು ಇನ್ನೂ ಪೂರ್ತಿ ನಂಬಿಲ್ಲ, ತಿರುಗಿ ನೋಡುವುದಿಲ್ಲ.
ನಾಲಿಗೆಯ ಮೇಲೆ ಕರಗುವುದಕ್ಕೆ
ರುಚಿ ಎನ್ನುವಂಥದ್ದೇನಿಲ್ಲ.
ಹಸಿವು ಮಾತ್ರ ಮುಂದಿನ ವಾರ ತಾನಾಗಿ ಎದ್ದು ಕೂರುತ್ತದೆ.

ನಿನ್ನೆ ಮೆಹೆಂದಳೆ ಸಾಹೇಬರು ಮತ್ತೆ:
"ಓಡ್ತಿದೆಯಲ್ಲಪ್ಪ?"
"ಓಡ್ತಿದೆ ಸಾಹೇಬರೇ," ಎಂದು
ಕಾರ್ಡಿನಲ್ಲಿ ತಾರೀಖು ಬರೆದು
ಬಿಚ್ಚಲು ಕೂತೆ.