ಕೋವಿಯ ಒದೆತ

ಗಾಳಿಯೇ ಇಲ್ಲದಲ್ಲಿ ರಾಕೆಟ್ಟು
ಯಾವುದನ್ನು ಒದ್ದು ಮುಂದೆ ಹೋಗುತ್ತದೆ, ಚಿಕ್ಕಮ್ಮ?

ದೇಚವ್ವ ಮಾತಾಡಲಿಲ್ಲ.
ನಾಪೋಕ್ಲಿನ ಮೈದಾನ, ಕೈಲ್‌ಪೊಳ್ದಿನ ಮಧ್ಯಾಹ್ನ,
ಮರದ ತುದಿಗೆ ಕಟ್ಟಿದ ತೆಂಗಿನಕಾಯಿ.
ಕೋವಿಯನ್ನು ನನ್ನ ಭುಜಕ್ಕೆ ಆನಿಸಿ
ಒತ್ತಿ ಹಿಡಿ ಎಂದಳು. ನಾನು ಹಿಡಿಯಲಿಲ್ಲ.

ಢಂ!
ಕಾಯಿ ಅಲುಗಲಿಲ್ಲ.
ಅಲುಗಿದ್ದು ನಾನು; ಎರಡು ಹೆಜ್ಜೆ ಹಿಂದೆ,
ಒದ್ದೆ ಹುಲ್ಲಿನ ಮೇಲೆ ಕುಂಡೆಯೂರಿ.
"ಗುಂಡು ಯಾವುದಕ್ಕೂ ತಗಲಲಿಲ್ಲವಲ್ಲ,
ಮತ್ತೆ ನಿನ್ನನ್ನು ತಳ್ಳಿದ್ದು ಯಾರು?"

ರಾತ್ರಿ ಅಂಗಳದಲ್ಲಿ, ಭುಜ ನೀಲಿಗಟ್ಟಿ,
ಮಿನುಗದೆ ಹರಿಯುವ ಚುಕ್ಕಿಯೊಂದನ್ನು ನೋಡಿದೆ:
ಅದೂ ತನ್ನೊಳಗಿನದನ್ನೇ ಉಗಿದುಗಿದು
ಅಷ್ಟಷ್ಟೇ ಹೊರಳುತ್ತದಂತೆ.

"ಉಗಿಯಲು ಏನೂ ಉಳಿಯದಿದ್ದರೆ?"
"ನಿಲ್ಲುವುದಿಲ್ಲ. ಹೊರಳಲಾರದು, ಅಷ್ಟೆ."

ಖಾಲಿ ತೋಟಾ ನನ್ನ ಅಂಗೈಗಿಟ್ಟಳು.
ಇನ್ನೂ ಮದ್ದಿನ ವಾಸನೆ.